ಪುಸ್ತಕಕ್ಕಿಂತ ಮುಂದೆ ನಡೆಯುವ ರೇಣುಕಮ್ಮ

ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಗಿನ ಆರು ಗಂಟೆ. ಹಂಪಿ ಬಜಾರಿನ ಕಲ್ಲುಮಂಟಪಗಳ ಸಾಲು ಮುಗಿಯುವಲ್ಲಿ ಮೂವರು ಹೆಂಗಸರು ನಿಂತಿದ್ದಾರೆ. ನಡುವಿನ ರೇಣುಕಮ್ಮ ಕೈಗಡಿಯಾರ ನೋಡಿ, ನೋಟ್‌ಬುಕ್ಕಿನಲ್ಲಿ ‘೬-೦೪’ ಎಂದು ಬರೆದುಕೊಳ್ಳುತ್ತಾರೆ. “ನಡಿಬೇ ತಿಪ್ಪಕ್ಕ” ಎಂದದ್ದೇ ತಡ, ಅರವತ್ತೊಂಬತ್ತರ ತಿಪ್ಪಕ್ಕ ಕೋಲೂರಿ ಹೆಜ್ಜೆ ಹಾಕುತ್ತಾರೆ. ಮೂರನೆಯವರು ಮೇಧಾ. ಅವರ ಕೈಯಲ್ಲಿ ಫೋನಿದೆ. ವಿಠ್ಠಲ ದೇವಸ್ಥಾನಕ್ಕೆ ಇಪ್ಪತ್ತೇಳು ನಿಮಿಷ ಎಂದು ಫೋನು ಆಗಲೇ ಹೇಳಿಬಿಟ್ಟಿದೆ. ಅದು ನಿಜವಾದರೆ ರೇಣುಕಮ್ಮನ ಹದಿನಾರು ವರ್ಷದ ಕೆಲಸ ಇಂದಿಗೆ ಮುಗಿದಂತೆ.

ದೂರದೇಶದಿಂದ ಹಂಪಿಗೆ ಬರುವವರ ಕೈಯಲ್ಲಿ ಇಟ್ಟಿಗೆ ಗಾತ್ರದ ಪ್ರವಾಸಿ ಕೈಪಿಡಿ ಇರುವುದನ್ನು ನೀವು ನೋಡಿರುತ್ತೀರಿ. ನಮಗೆ ಮನೆಯಂಗಳವಾದ ಹಂಪಿ ಆ ಪುಸ್ತಕಕ್ಕೆ ಪರದೇಶ. ಯಾವ ಬಸ್ಸು ಎಷ್ಟು ಹೊತ್ತಿಗೆ, ಗುಡ್ಡಕ್ಕೆ ಮೆಟ್ಟಿಲೆಷ್ಟು, ಕುಡಿಯುವ ನೀರು ಎಲ್ಲಿ, ಇವನ್ನೆಲ್ಲ ಬರೆದವರು ಒಮ್ಮೆ ಬಂದು ಹೋಗಿಬಿಡುತ್ತಾರೆ. ಆದರೆ ಪ್ರತಿ ಹೊಸ ಮುದ್ರಣಕ್ಕೂ ಮುಂಚೆ ಯಾರಾದರೂ ಅದನ್ನು ಮತ್ತೆ ನಡೆದು, ನಿಂತು, ಎಣಿಸಿ ನೋಡಬೇಕು. ಅಂಥದೊಂದು ಕೈಪಿಡಿಗೆ ಆ ಕೆಲಸ ಮಾಡುವವರು ರೇಣುಕಮ್ಮ. ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಅವರ ಹೆಸರಿಲ್ಲ.

ಗಾದಿಗನೂರಿನ ಮಗಳು, ಕಡ್ಡಿರಾಂಪುರದ ಸೊಸೆ, ಓದಿದ್ದು ಎಸ್ಸೆಸ್ಸೆಲ್ಸಿ. ಗಂಡ ಪಾಲಯ್ಯ ಬಾಳೆತೋಟದಲ್ಲಿ ಬಿದ್ದು ಸೊಂಟ ಮುರಿದುಕೊಂಡ ವರ್ಷ, ಇವರು ಬೆಳಿಗ್ಗೆ ಬಾಳೆಗೊನೆ ಹೊತ್ತು ಬಜಾರಿಗೆ ತಂದರು, ಮಧ್ಯಾಹ್ನ ಗೆಸ್ಟ್‌ಹೌಸಿನಲ್ಲಿ ಕಸ ಗುಡಿಸಿದರು. ಅಲ್ಲಿ ಇಳಿದುಕೊಂಡಿದ್ದ ಕೈಪಿಡಿಯ ಲೇಖಕರೊಬ್ಬರು ಕಂಪ್ಲಿ ಬಸ್ಸಿನ ವೇಳೆ ಕೇಳಿದಾಗ ಮೂವರು ಮೂರು ಥರ ಹೇಳಿದರಂತೆ. ರೇಣುಕಮ್ಮ ಮರುದಿನ ರಜೆ ಹಾಕಿ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಂಜೆವರೆಗೂ ನಿಂತು, ಹೊರಟ ಬಸ್ಸುಗಳನ್ನೆಲ್ಲ ಬರೆದುಕೊಂಡು ಬಂದರು. “ಬೋರ್ಡಿನ್ಯಾಗಿನ ಟೈಮೇ ಬ್ಯಾರೆ, ಡ್ರೈವರ್ ಚಾ ಕುಡದು ಹತ್ತೋ ಟೈಮೇ ಬ್ಯಾರೆ ಇರತೈತ್ರಿ. ನಾ ಎರಡನೇದ್ದು ಬರಕೊಂಬಂದೆ” ಎಂದು ನಗುತ್ತಾರೆ.

ಅಂದಿನಿಂದ ಎರಡು ವರ್ಷಕ್ಕೊಮ್ಮೆ ಕೈಪಿಡಿಯವರಿಂದ ಪ್ರಶ್ನೆಗಳ ಪಟ್ಟಿ ಬರುತ್ತದೆ. ಕಳೆದ ಸಲ ಇನ್ನೂರ ಹನ್ನೆರಡು ಪ್ರಶ್ನೆಗಳು. ಸಂಡೂರಿನ ದಾರಿಯೊಂದೇ ನಾಲ್ಕು ದಿನ ತಿಂದಿತು. ಯಶವಂತನಗರದ ಹತ್ತಿರ ಅದಿರು ಲಾರಿಗಳ ಹಿಂದೆ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಅವರು ಬರೆದುಕೊಳ್ಳುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ನಡಿಗೆ. ಸವೆದ ಚಪ್ಪಲಿಗಳನ್ನು ಎಣಿಸುವ ಗೋಜಿಗೆ ಮಾತ್ರ ಅವರು ಹೋಗಿಲ್ಲ.

ಒಂದು ತಪ್ಪು ಮಾತ್ರ ಅವರನ್ನು ಇವತ್ತಿಗೂ ಚುಚ್ಚುತ್ತದೆ. ಮೊದಲ ಸಲ ಬಜಾರಿನಿಂದ ವಿಠ್ಠಲನ ಗುಡಿಗೆ ಇಪ್ಪತ್ತು ನಿಮಿಷ ಎಂದು ಬರೆಸಿದ್ದರು. ಗೊನೆ ಹೊತ್ತು ಅರ್ಧ ಓಡುತ್ತಲೇ ನಡೆದ ಕಾಲುಗಳ ಲೆಕ್ಕ ಅದು. ಅದನ್ನೇ ನಂಬಿ, ನೀರೂ ತಾರದೆ ಬಿಸಿಲಿಗೆ ಹೊರಟ ವಿದೇಶಿ ಮುದುಕಿಯೊಬ್ಬರು ದಾರಿಯಲ್ಲೇ ಕುಸಿದುಬಿಟ್ಟರು. ಆ ಹೊತ್ತಿಗೆ ಅಲ್ಲೇ ಇದ್ದ ರೇಣುಕಮ್ಮನೇ ನೀರು ಕುಡಿಸಿದರು. ಜೊತೆಗಿದ್ದ ಅಜ್ಜ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. “ನಾನೇ ಬರೆಸಿದ್ದು ಅಂತ ಹೇಳಾಕ ಬಾಯಿ ಬರಲಿಲ್ರಿ. ಭಾಳ ನಾಚಿಕಿ ಆತು.”

ಅವತ್ತಿನಿಂದ ನಡಿಗೆಯ ವೇಳೆಯನ್ನು ಪಕ್ಕದ ಮನೆಯ ತಿಪ್ಪಕ್ಕನ ಕಾಲಿನಿಂದಲೇ ಅಳೆಯುತ್ತಾರೆ. ತಿಪ್ಪಕ್ಕನಿಗೆ ಮಂಡಿನೋವು, ಎಲೆಅಡಿಕೆಯ ಚಟ, ಸಿಕ್ಕವರನ್ನೆಲ್ಲ ಮಾತಾಡಿಸುವ ಅಭ್ಯಾಸ. ಮಾತಿನ ಹೊತ್ತನ್ನು ಲೆಕ್ಕದಿಂದ ಕಳೆಯಬೇಕಲ್ಲವೇ ಎಂದರೆ ರೇಣುಕಮ್ಮ, “ಯಾಕ್ರಿ? ಫಾರಿನ್‌ನೋರು ಫೋಟೋ ಹೊಡಿಯಾಕ ನಿಂದ್ರಂಗಿಲ್ಲೇನು?” ಎನ್ನುತ್ತಾರೆ.

ಈ ವರ್ಷ ಪ್ರಕಾಶಕರಿಂದ ಮೇಲ್ ಬಂತು. ಎಲ್ಲವೂ ಫೋನಿನಲ್ಲೇ ಸಿಗುತ್ತದೆ, ಇನ್ನು ಮುಂದೆ ನಡೆದು ನೋಡುವ ಅಗತ್ಯವಿಲ್ಲ. ಪ್ರಕಾಶಕರ ಪರವಾಗಿ ಅದನ್ನು ಬರೆದವರು ಕೈಪಿಡಿಯ ಭಾರತದ ಪುಟಗಳನ್ನು ನೋಡಿಕೊಳ್ಳುವ ಮೇಧಾ. ಅವರು ಹೊಸಪೇಟೆಯಲ್ಲೇ ಹುಟ್ಟಿ ಬೆಳೆದವರು. ರೇಣುಕಮ್ಮ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. “ಒಂದ್ಸಲ ನಮ್ ಜೋಡಿ ನಡದು ನೋಡ್ರಿ, ಆಮ್ಯಾಲೆ ಬ್ಯಾಡ ಅನ್ರಿ” ಎಂದರು. ಮೇಧಾ ಬಂದಿರುವುದು ಅದಕ್ಕೆ.

ಕೋದಂಡರಾಮನ ಗುಡಿ ದಾಟುವ ಹೊತ್ತಿಗೆ ತಿಪ್ಪಕ್ಕ ತೀರಾ ನಿಧಾನವಾಗುತ್ತಾರೆ. ಹೆಜ್ಜೆಗೊಮ್ಮೆ ನರಳುತ್ತಾರೆ, ಕಾರಣವಿಲ್ಲದೆ ಬಂಡೆಗೆ ಒರಗುತ್ತಾರೆ. ರೇಣುಕಮ್ಮನಿಗೆ ಒಳಗುಟ್ಟು ತಿಳಿಯಲು ತಡವಾಗಲಿಲ್ಲ. ಗೆಳತಿಯ ಕೆಲಸ ಉಳಿಸಲು ಮುದುಕಿ ಹೂಡಿದ ಆಟ ಅದು. ಸುಮ್ಮನಿದ್ದರೆ ಲಾಭ ತನಗೇ. ಆದರೂ ಮೇಧಾಗೆ ಕೇಳುವಂತೆಯೇ ಗದರುತ್ತಾರೆ. “ನಾಟಕ ಬ್ಯಾಡಬೇ. ದಿನಾ ನಡದಂಗ ನಡಿ. ಸುಳ್ಳು ಬರದು ಒಮ್ಮೆ ಅನುಭೋಗಿಸೀನಿ, ಸಾಕು.” ತಿಪ್ಪಕ್ಕ ಮುಖ ಊದಿಸಿಕೊಂಡು ಚುರುಕಾಗುತ್ತಾರೆ.

ಸ್ವಲ್ಪ ಮುಂದೆ ದಾರಿಯೇ ಇಲ್ಲ. ಹಿಂದಿನ ದಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ. ಹೊಳೆ ಬಂಡೆ ಹತ್ತಿ ಕಾಲುದಾರಿಯನ್ನು ನುಂಗಿದೆ. ಫೋನಿನ ನೀಲಿಗೆರೆ ಮಾತ್ರ ನೀರಿನ ಮೇಲೆಯೇ ನೆಟ್ಟಗೆ ಹೋಗುತ್ತದೆ. ಮೂವರೂ ಹಿಂತಿರುಗಿ, ಬಜಾರಿನ ತುದಿಯಲ್ಲಿರುವ ಎದುರು ಬಸವಣ್ಣನ ಬಳಿಯ ಮೆಟ್ಟಿಲು ಹತ್ತಿ, ಅಚ್ಯುತರಾಯನ ಗುಡಿ ಬಳಸಿ ವಿಠ್ಠಲನ ಮುಂದೆ ಬಂದು ನಿಂತಾಗ ಏಳು ಮೂವತ್ತೊಂದು. ದಾರಿಯಲ್ಲಿ ಎರಡು ಸಲ ಕುಳಿತವರು ಮೇಧಾ, ತಿಪ್ಪಕ್ಕನಲ್ಲ. “ಫೋನು ಸುಳ್ಳು ಹೇಳಲಿಲ್ಲವ್ವ, ಅದಕ್ಕ ಮಣಕಾಲಿಲ್ಲ, ಅಷ್ಟ” ಎಂದು ರೇಣುಕಮ್ಮನೇ ಅದರ ಪರ ವಹಿಸುತ್ತಾರೆ.

ಎರಡು ವಾರದ ನಂತರ ಮೇಧಾರ ಮೇಲ್ ಬಂತು. ಹೊಸ ಮುದ್ರಣದಲ್ಲಿ ಪ್ರತಿ ದಾರಿಗೂ ಎರಡು ವೇಳೆ ಇರುತ್ತವೆ, ಫೋನಿನದೊಂದು, ನಡೆದು ನೋಡಿದ್ದೊಂದು. ಮಳೆಗಾಲದಲ್ಲಿ ಹೊಳೆದಾರಿ ಹಿಡಿಯುವ ಮುಂಚೆ ಊರಿನವರನ್ನು ಕೇಳಿ ಎಂಬ ಸಾಲೂ ಸೇರುತ್ತದೆ. ಸಂಡೂರು, ಕಂಪ್ಲಿಯ ಪುಟಗಳು ಹಿಗ್ಗುತ್ತವೆ, ರೇಣುಕಮ್ಮನ ಕೆಲಸವೂ. ಇದನ್ನು ಹೇಳುವಾಗ ಅವರ ಮುಖ ಅರಳುತ್ತದೆ, ನೋಡಲು ಸಂತೋಷವಾಗುತ್ತದೆ.

ನೀವೂ ಒಮ್ಮೆ ಆ ಪ್ರವಾಸಿಗರ ದೇಶಗಳನ್ನು ನೋಡಬೇಕೆಂಬ ಆಸೆ ಇಲ್ಲವೇ ಎಂದು ಕೇಳಿದರೆ ನೋಟ್‌ಬುಕ್ಕು ಮಡಚಿಟ್ಟು ಹೇಳುತ್ತಾರೆ.

“ಐತ್ರಿ, ಯಾಕಿಲ್ಲ? ತಿಪ್ಪಕ್ಕನ್ನೂ ಕರಕೊಂಡ ಹೋಗಾಕಿ. ಆದ್ರ ಅಲ್ಲಿಯ ಪುಸ್ತಕದಾಗ ಹತ್ತು ನಿಮಿಷ ಅಂತ ಬರದಿದ್ರ, ಯಾರ ಕಾಲಿಂದವಾ ಈ ಹತ್ತು ನಿಮಿಷ ಅಂತ ಮೊದಲು ಕೇಳ್ತೀನಿ.”