ಗಿರಿಜಕ್ಕನ ಬಾವಿಯ ಮೀನು

ಯುದ್ಧದ ಕಾಲ. ಮಲೇರಿಯಾ ಬಾರದಂತೆ, ಸೊಳ್ಳೆಮರಿ ತಿನ್ನುವ ಪುಟ್ಟ ಮೀನುಗಳನ್ನು ಮನೆಮನೆಯ ಬಾವಿಗೆ ಬಿಡುವುದು, ಆಮೇಲೆ ಬಾವಿಗೆ ಬಗ್ಗಿ ನೋಡಿ ಬರುವುದು ನನ್ನ ಸರಕಾರಿ ಕೆಲಸ. ಬಿಟ್ಟ ಮೇಲೆ "ಚೆನ್ನಾಗಿ ನೋಡಿಕೊಳ್ಳಿ" ಅಂತ ಹೇಳಿ ಬರುತ್ತಿದ್ದೆ.

ಕೆಲವು ವಾರ ಕಳೆದು ಬೋಳಾರದ ಗಿರಿಜಕ್ಕನ ಬಾವಿ ನೋಡಲು ಹೋದೆ. ಮೀನು ಮಾರಿ ಬದುಕುವ ಹೆಂಗಸು. ಹೋದ ಕೂಡಲೇ ಜಗಲಿಯಲ್ಲಿ ಕೂರಿಸಿ ನೀರುದೋಸೆ, ಬೆಲ್ಲದ ಚಾ ಕೊಟ್ಟರು. ಎಲ್ಲ ಮನೆಯಲ್ಲೂ ಹೀಗೇ, ನಾನೂ ಬೇಡ ಅಂದವನಲ್ಲ. ಕೂತಲ್ಲಿಗೇ ಒಂದು ಕೊಡ ನೀರು ತರಿಸಿ ನೋಡಿದರೆ ತುಂಬ ಸೊಳ್ಳೆಮರಿ.

"ಮೀನು ಸತ್ತುಹೋಯ್ತಾ?"

"ಸಾಯುವುದು ಎಂತಕ್ಕೆ ಮಾರಾಯ್ರೆ? ದಿನಾ ಒಂದು ಮುಷ್ಟಿ ಅನ್ನ ಹಾಕ್ತೇನೆ. ಈ ಮನೆಗೆ ಜೀವ ಇರುವ ಮೀನು ಬಂದದ್ದು ಇದೇ ಮೊದಲು. ಉಪವಾಸ ಕೆಡವಲಿಕ್ಕೆ ಆಗ್ತದಾ?"

ಅದೂ ರೇಷನ್ ಅಕ್ಕಿಯ ಅನ್ನ. ನನಗೆ ಸಿಟ್ಟು ಬಂತು. "ನಿಮ್ಮ ಅನ್ನದಲ್ಲೇ ಹೊಟ್ಟೆ ತುಂಬಿದರೆ ಅದು ಮರಿಗಳನ್ನು ಯಾಕೆ ತಿನ್ನುತ್ತದೆ? ಉಳಿದ ಮರಿ ಸೊಳ್ಳೆಯಾಗಿ ನಿಮ್ಮ ರಕ್ತವನ್ನೇ ಕುಡಿಯುತ್ತದೆ. ಹಸಿದರೆ ಮಾತ್ರ ಕೆಲಸ ನಡೆಯುವುದು" ಅಂತ ಗದರಿದೆ.

ಗಿರಿಜಕ್ಕ ಅಪರಾಧಿಯ ಹಾಗೆ ಕೇಳಿಕೊಂಡು, ನನ್ನ ಎಲೆಗೆ ಮತ್ತೊಂದು ದೋಸೆ ಹಾಕಿದರು. "ನೀವು ಸರಿಯಾಗಿ ತಿನ್ನಿ. ಇನ್ನೂ ಎಷ್ಟು ಬಾವಿಗೆ ಬಗ್ಗಲಿಕ್ಕೆ ಉಂಟೋ ಏನೋ."

ಬೆಳಗ್ಗಿನಿಂದ ಜಗಲಿಯಿಂದ ಜಗಲಿಗೆ ಹೋದದ್ದು ಬಿಟ್ಟರೆ ಒಂದು ಬಾವಿಗೂ ನಾನು ಬಗ್ಗಿರಲಿಲ್ಲ. ಅವರ ಮುಖ ನೋಡಲಾಗದೆ ತಲೆ ತಗ್ಗಿಸಿದೆ.

ಮೀನಿಗಾದರೂ ಸಂಬಳ ಇರಲಿಲ್ಲ.