ತಿರುಗದ ಪಂಖದ ಸದ್ದು

ದೆವ್ವ-ಭೂತದ ಮಾತು ಬಂದಾಗ ನಗುವವರಲ್ಲಿ ನಾನೂ ಒಬ್ಬನಾಗಿದ್ದೆ. ಎಂಜಿನ್ ಬಿಚ್ಚಿ ಜೋಡಿಸಿ ಹೊಟ್ಟೆ ಹೊರೆದವನು ನಾನು. ಕಾರಣವಿಲ್ಲದೆ ಸದ್ದು ಹುಟ್ಟುವುದಿಲ್ಲ ಎಂದು ಬಲವಾಗಿ ನಂಬಿದ್ದೆ. ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆ. ಅಥಣಿ ತಾಲೂಕಿನ ಕಬ್ಬಿಗೆ ಹುಳ ಬಿದ್ದು, ಔಷಧಿ ಸಿಂಪಡಿಸಲು ಒಂದು ಸಣ್ಣ ವಿಮಾನ ಬಂದಿತ್ತು. ಸತ್ತಿ ಎಂಬ ಊರಿನ ಹತ್ತಿರ ಒಂದು ಬಯಲನ್ನು ಹಸನು ಮಾಡಿ ಅದನ್ನು ಇಳಿಸುತ್ತಿದ್ದೆವು. ಹಾರಿಸುವವರು ನಿಪ್ಪಾಣಿ ಕಡೆಯ ದೇಶಪಾಂಡೆ. ಮೆಕ್ಯಾನಿಕ್ ನಾನು. ರಾತ್ರಿ ಕಾವಲಿಗೆ ಅದೇ ಊರಿನ ಕುರಿ ಕಾಯುವ ಮಾಳಪ್ಪ. ದೇಶಪಾಂಡೆ ಕಬ್ಬಿನ ಗರಿ ತಾಗುವಷ್ಟು ಕೆಳಗೆ ಹಾರುತ್ತಿದ್ದರು. ಅಷ್ಟು ಕೆಳಗೆ ಎಂಜಿನ್ ನಿಂತರೆ ಮನುಷ್ಯ ಉಳಿಯುವುದು ಕಷ್ಟ.

ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ನಾನು ವಿಮಾನದ ಮೂತಿಗಿರುವ ಪಂಖವನ್ನು ಕೈಯಿಂದ ತಿರುವಿ ನೋಡುತ್ತಿದ್ದೆ. ಆರು ಸಿಲಿಂಡರು, ಒಂದೊಂದರ ಸರದಿಗೂ ಒಳಗಿನ ಗಾಳಿ ಕೈಯನ್ನು ಹಿಂದಕ್ಕೆ ಒತ್ತಬೇಕು. ಯಾವುದಾದರೂ ವಾಲ್ವ್ ಕೆಟ್ಟಿದ್ದರೆ ಆ ಸರದಿಗೆ ಪಂಖ ಸಡಿಲಾಗಿ, ಹೊಗೆ ಕೊಳವೆಯಲ್ಲಿ ಸುಸ್ ಎನ್ನುತ್ತದೆ. ನನ್ನ ಕೈ ತಪ್ಪುವುದಿಲ್ಲ ಎಂಬ ಜಂಬ ನನಗಿತ್ತು.

ಒಂದು ನಸುಕಿನಲ್ಲಿ ಡೇರೆಯೊಳಗೆ ಎಚ್ಚರವಾಯಿತು. ಹೊರಗೆ ಯಾರೋ ಪಂಖ ತಿರುವುತ್ತಿದ್ದರು. ಐದು ಬಿಗಿಯಾದ ಸದ್ದು, ಆಮೇಲೆ ಒಂದು ಸುಸ್. ಮತ್ತೆ ಐದು, ಮತ್ತೆ ಸುಸ್. ರೇಗಿ ಹೊರಗೆ ಓಡಿದೆ. ವಿಮಾನದ ಬಳಿ ಯಾರೂ ಇರಲಿಲ್ಲ. ಸಂಜೆ ನಾನು ಪಂಖಕ್ಕೆ ಕಟ್ಟಿದ್ದ ಹಗ್ಗ ಕಟ್ಟಿದಂತೆಯೇ ಇತ್ತು. ಪಂಖದ ಮೇಲಿನ ಇಬ್ಬನಿಗೆ ಒಂದು ಬೆರಳೂ ತಾಗಿರಲಿಲ್ಲ.

ಮಾಳಪ್ಪ ಕಂಬಳಿ ಹೊದ್ದು ಎದ್ದು ನಿಂತಿದ್ದ. "ಈಗ ಪಂಖಾ ತಿರುವಿದವ್ರು ನೀವ ಏನ್ರಿ ಮಿಸ್ತ್ರಿ?" ಎಂದ. "ನಾ ಇಲ್ಲೇ ಕುಂತೀನಿ. ಯಾರೂ ಬಂದಿಲ್ರಿ. ಸದ್ದಷ್ಟ ಬಂತು."

ಹಗ್ಗ ಬಿಚ್ಚಿ ನಾನೇ ತಿರುವಿದೆ. ಆರಕ್ಕೆ ಆರೂ ಗಟ್ಟಿ. ಮೂರು ಸಲ ನೋಡಿದರೂ ಅಷ್ಟೇ.

ಬೆಳಕು ಹರಿದ ಮೇಲೆ ದೇಶಪಾಂಡೆ ಬಂದು ಸಹಿಗೆ ಪುಸ್ತಕ ಮುಂದಿಟ್ಟರು. ನಾನು ಸಹಿ ಹಾಕದೆ ವಿಮಾನ ಏಳುವಂತಿಲ್ಲ. ಪೆನ್ನು ಹಿಡಿದೆ, ಬರೆಯಲಾಗಲಿಲ್ಲ.

"ಕಾಯ್ ಝಾಲಂ, ಏನಾತು ಮಿಸ್ತ್ರಿ? ಗಾಳಿ ಏಳೂದ್ರಾಗ ಮುಗಸಬೇಕಲ್ಲ" ಎಂದರು.

ಸದ್ದಿನ ಮಾತು ಹೇಳಲು ನಾಚಿಕೆಯಾಯಿತು. ತಣ್ಣಗಿದ್ದಾಗ ಸಿಗದ ದೋಷ ಕಾದಾಗ ಸಿಕ್ಕೀತು ಎನಿಸಿತು. "ಬಿಸಿ ಮಾಡಿ ಒಮ್ಮೆ ನೋಡ್ತೀನ್ರಿ" ಎಂದೆ. ಬಿಸಿ ಎಂಜಿನ್ನಿನ ಪಂಖ ಮುಟ್ಟುವುದು ಅಪಾಯ. ಸ್ವಿಚ್ ಆರಿಸಿದ್ದರೂ ಅದು ತಾನೇ ಒಮ್ಮೆ ಹೊತ್ತಿಕೊಂಡು ಕೈ ಕತ್ತರಿಸಬಹುದು. ಅದಕ್ಕೇ ನಾನು ಯಾವತ್ತೂ ಆ ಗೋಜಿಗೆ ಹೋದವನಲ್ಲ. ಅಂದು ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಜೀವ ಕೈಯಲ್ಲಿ ಹಿಡಿದು ತಿರುವಿದೆ. ಐದು ಬಿಗಿ. ಆರನೆಯದಕ್ಕೆ ಪಂಖ ಸಲೀಸಾಗಿ ಜಾರಿತು. ಸುಸ್.

ಸಿಲಿಂಡರ್ ಬಿಚ್ಚಿದಾಗ ವಾಲ್ವಿನ ಅಂಚು ಸುಟ್ಟು, ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ತಣ್ಣಗಿದ್ದಾಗ ಮುಚ್ಚಿಕೊಂಡು, ಕಾದಾಗ ಬಾಯಿ ಬಿಡುತ್ತಿತ್ತು. ಅದಕ್ಕೆ ಕಾರಣ ಹೇಳಬಲ್ಲೆ. ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ನಿನಿಂದ, ತಿರುಗದ ಪಂಖದಿಂದ, ಆ ಸದ್ದು ಬಂದದ್ದಕ್ಕೆ ಕಾರಣ ಹೇಳಲಾರೆ.

ದೇಶಪಾಂಡೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನಿನ್ನ ಕೈಯಾಗ ದೇವರ ಅದಾನಪ್ಪಾ" ಎಂದರು. ನನಗೆ ಕೈ ಎಳೆದುಕೊಳ್ಳಬೇಕೆನಿಸಿತು. ಅದೇ ಕೈ ಅಂದಿನ ನಸುಕಿನಲ್ಲಿ ಎಲ್ಲ ಸರಿಯಿದೆ ಎಂದಿತ್ತು. ಅದಕ್ಕೂ ಮುಂಚೆ ಎಷ್ಟೋ ಬೆಳಿಗ್ಗೆ ಹಾಗೆಯೇ ಹೇಳಿ, ಸಹಿ ಹಾಕಿ, ಅವರನ್ನು ಮೇಲೆ ಕಳಿಸಿತ್ತು.

ಮುಂದೆಯೂ ಬಹಳ ವರ್ಷ ಅದೇ ಕೆಲಸ ಮಾಡಿದೆ. ಬಿಸಿ ಎಂಜಿನ್ನನ್ನೂ ತಪ್ಪದೆ ನೋಡುತ್ತಿದ್ದೆ. ಆದರೂ ಪ್ರತಿ ಸಹಿಗೆ ಮುನ್ನ ನಸುಕಿನಲ್ಲಿ ಎದ್ದು ಕೂತು ಕಿವಿಗೊಡುತ್ತಿದ್ದೆ. ಆ ಸದ್ದು ಮತ್ತೆ ಬರಲಿಲ್ಲ. ಎಂಜಿನ್ನಿನಲ್ಲಿ ಕೆಟ್ಟದ್ದು ಏನೂ ಇರದಿದ್ದರಿಂದ ಬರಲಿಲ್ಲವೋ, ತಿರುವುವವರು ನನ್ನನ್ನು ಬಿಟ್ಟು ಹೋದರೋ, ಇಂದಿಗೂ ಗೊತ್ತಿಲ್ಲ.