ಟಾರ್ಚು ಕೇಳಿದ ‘ಎಲ್ಲಿಗೆ?’

ನನ್ನ ತಕ್ಕಡಿ ಅಂಗಡಿಯ ಮುಂದಿರುವ ಸ್ಟೂಲು ಹೆಸರಿಗಷ್ಟೇ ನನ್ನದು. ಅದರ ಮೇಲೆ ಕೂರುವವನು ಹಳೆಯ ಯಂತ್ರಗಳ ದಲ್ಲಾಳಿ. ಬಾಗಿಲು ಹಾಕಿದ ಪ್ರೆಸ್ಸಿನ ಕಟಿಂಗ್ ಮೆಷಿನ್ನು, ಲಾಂಡ್ರಿಯ ಬಾಯ್ಲರು, ಹೀಗೆ ಒಬ್ಬರಿಗೆ ಬೇಡವಾದದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಅವನ ಕಸುಬು. ಹೊರಡುವಾಗ ಯಾರಾದರೂ ‘ಎಲ್ಲಿಗೆ?’ ಎಂದರೆ ವ್ಯಾಪಾರ ಮುರಿಯುತ್ತದೆ ಎಂಬುದು ಅವನ ನಂಬಿಕೆ. ಹೆಂಡತಿ ಕೇಳುವಂತಿಲ್ಲ, ಮಗಳು ಕೇಳುವಂತಿಲ್ಲ. ತಿಳಿಯದವರು ಕೇಳಿಬಿಟ್ಟರೆ “ಇಲ್ಲೇ ಹೋಗ್ಬರ್ತೀನಿ” ಎಂದು ಹಲ್ಲು ಕಿರಿದು, ವಾಪಸ್ ಬಂದು ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಹೊಸದಾಗಿ ಹೊರಡುತ್ತಾನೆ. ನಾವು ಅವನನ್ನು ಇಲ್ಲೇರಾಯ ಎಂದೇ ಕರೆಯುವುದು.

ಕೇಳುವ ಅಗತ್ಯವೂ ಇರಲಿಲ್ಲ ಬಿಡಿ. ಪ್ರೆಸ್ಸಿಗೆ ಹೋದ ದಿನ ಅಂಗೈಗೆ ಶಾಯಿ, ಲಾಂಡ್ರಿಗೆ ಹೋದ ದಿನ ಮೈಯೆಲ್ಲ ಸೋಪಿನ ವಾಸನೆ. ವಿಳಾಸವನ್ನು ಮೈಮೇಲೆ ಮೆತ್ತಿಕೊಂಡೇ ಈ ಮನುಷ್ಯ ಗುಟ್ಟು ಕಾಪಾಡುತ್ತಿದ್ದ.

ಒಂದು ಬೆಳಿಗ್ಗೆ ಫೋನನ್ನು ಚೇಳು ಹಿಡಿದವನಂತೆ ಎರಡು ಬೆರಳಲ್ಲಿ ಹಿಡಿದು ಬಂದ.

“ಅಣ್ಣಾ, ಇದೇನು ಬಂದಿದೆ ನೋಡಿ.”

ಟಾರ್ಚ್ ಆ್ಯಪು ಹಿನ್ನೆಲೆಯಲ್ಲಿ ಅವನ ಲೊಕೇಶನ್ ನೋಡುತ್ತಿದೆ ಎಂದು ಫೋನೇ ಚಾಡಿ ಹೇಳಿತ್ತು.

“ನೀನು ಟಾರ್ಚ್ ಹಾಕ್ದೇ ಇದ್ರೂ ಜೇಬಲ್ಲಿ ಕೂತ್ಕೊಂಡು ನೀನು ಎಲ್ಲಿದೀಯ ಅಂತ ವಿಚಾರಿಸ್ತಾ ಇದೆ ಕಣಯ್ಯಾ.”

“ಹೊರಡುವಾಗ್ಲೂನಾ?”

“ಹೊರಡುವಾಗ್ಲೂ, ದಾರೀಲೂ.”

ಅವನ ಮುಖ ಸಪ್ಪಗಾಯಿತು. ಮರುಗಳಿಗೆಯಲ್ಲೇ ಅರಳಿತು ಕೂಡ. ಇಷ್ಟು ದಿನ ಯಾವ ವ್ಯಾಪಾರವೂ ಯಾಕೆ ಕೈ ಹತ್ತಲಿಲ್ಲ ಎಂಬುದಕ್ಕೆ ಕಾರಣ ಸಿಕ್ಕಿತ್ತಲ್ಲ! ಬಾಯ್ಲರಿಗೆ ತೂತಿತ್ತು ಎಂಬುದನ್ನು ನಾನು ನೆನಪಿಸಲಿಲ್ಲ.

“ಇಲ್ಲಿ ಒತ್ತಿ ಬೇಡ ಅಂದ್ಬಿಡು, ಮುಗೀತು.”

“ಮುಚ್ಚಿಟ್ಟಿದ್ರೂ ಕೇಳಿದ್ದು, ಬೇಡ ಅಂದ್ರೆ ಸುಮ್ನಿರುತ್ತಾ ಅಣ್ಣಾ?”

ಫೋನನ್ನು ಮತ್ತೆ ಎರಡೇ ಬೆರಳಲ್ಲಿ ಹಿಡಿದು ಮನೆಗೆ ನಡೆದ.

ಮರುದಿನ ಅವನದು ಮಾಡು ಇಲ್ಲವೇ ಮಡಿ ಎಂಬಂಥ ವ್ಯಾಪಾರ. ಮುಚ್ಚಿದ ಬೇಕರಿಯ ಒಲೆ ನೋಡಲು ಬೇರೆ ಊರಿನಿಂದ ಗಿರಾಕಿ ಬರುವವನಿದ್ದ. ಇದೂ ತಪ್ಪಿದರೆ ಭಾವನ ಗೋಡೌನಿನಲ್ಲಿ ವಾಚ್‌ಮನ್ ಕೆಲಸ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಎಲ್ಲಿಗೂ ಹೋಗುವ ಹಾಗೇ ಇಲ್ಲದ ಕೆಲಸ. ಹಾಗಾಗಿ ಫೋನನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಹುದುಗಿಸಿ, ಒಲೆ ಹೊತ್ತಿಸಿಡಲು ಹೊರಟುಹೋದ. ಗಿರಾಕಿ ಬಂದಿಳಿದು ಫೋನ್ ಮಾಡಿದರೆ ದಾರಿ ಹೇಳುವುದೆಂದು ಮಾತಾಗಿತ್ತು ಎಂಬುದನ್ನು ಮರೆತೇಬಿಟ್ಟ.

ಮಧ್ಯಾಹ್ನ ಗಿರಾಕಿ ನನ್ನ ಅಂಗಡಿಯ ಮುಂದೆ ಬಂದು ನಿಂತ. ಇಲ್ಲೇರಾಯನ ಕಾರ್ಡಿನಲ್ಲಿರುವುದು ನನ್ನ ವಿಳಾಸವೇ.

“ಏನ್ರೀ ಇದು! ಫೋನ್ ಮಾಡಿದ್ರೆ ಅವ್ರ ಮನೆಯವ್ರು ಎತ್ತಿದ್ರು. ಎಲ್ಲಿದಾರಮ್ಮ ಅಂದ್ರೆ, ‘ನಾವು ಕೇಳೋ ಹಾಗಿಲ್ಲ’ ಅಂತಾರೆ! ನಾನು ಬಂದ ಬಸ್ಸಿಗೇ ವಾಪಸ್ ಹೋಗ್ತೀನಿ.”

“ಕೋಪ ಮಾಡ್ಕೋಬೇಡಿ ಸ್ವಾಮಿ. ವಾರದಿಂದ ಅವನ ಮೊಣಕೈಗೆ ಮೈದಾ, ಕಾಲರಿಗೆ ಮಸಿ. ಹಿಂದಿನ ಬೀದಿ, ನೀಲಿ ಷಟರ್. ನಡೀರಿ.”

ಸಂಜೆ ಇಲ್ಲೇರಾಯ ಹುಬ್ಬಿನವರೆಗೂ ಮಸಿ ಬಳಿದುಕೊಂಡು ಕುಣಿಯುತ್ತ ಬಂದ.

“ಒಲೆ ಹೋಯ್ತು ಅಣ್ಣಾ! ಫೋನ್ ಬಿಟ್ಟು ಹೋದೆ ನೋಡಿ, ವಿಳಾಸಾನೇ ಕೊಟ್ಟಿರ್ಲಿಲ್ಲ, ಆಸಾಮಿ ತಾನಾಗೇ ಹುಡುಕ್ಕೊಂಡು ಬಂದ!”

ನಾನು ತಕ್ಕಡಿಯ ಮುಳ್ಳು ಸರಿಮಾಡುತ್ತ ಕೂತೆ. ನಿಜ ಹೇಳಿದರೆ ನಾಳೆಯಿಂದ ಕೈಕಾಲು ತೊಳೆದು ಬರುತ್ತಾನೆ, ನನಗೆ ಸುದ್ದಿ ತಪ್ಪುತ್ತದೆ.

ಭಾವನ ಗೋಡೌನಿಗೆ ಬೇರೆ ವಾಚ್‌ಮನ್ ಸಿಕ್ಕಿದ. ಇಲ್ಲೇರಾಯನ ಫೋನು ಕಾಯಂ ಆಗಿ ಮನೆಯಲ್ಲೇ ಉಳಿಯಿತು. ಗಿರಾಕಿಗಳು ಕರೆದರೆ ಅವನ ಹೆಂಡತಿ “ತಕ್ಕಡಿ ಅಂಗಡೀಲಿ ವಿಚಾರಿಸಿ” ಎನ್ನುತ್ತಾಳೆ. ಮೊನ್ನೆ ಅಡುಗೆಮನೆ ತಕ್ಕಡಿ ರಿಪೇರಿಗೆ ತಂದವಳು ಫೋನು ತೋರಿಸಿದಳು. ಟಾರ್ಚಿನ ಮೇಲೆ ಅದೇ ಚಾಡಿ.

“ಬೇಡ ಅಂತ ಒತ್ಬಿಡ್ಲಾ ತಂಗಿ?”

“ಅಯ್ಯೋ, ಇರ್ಲಿ ಬಿಡಣ್ಣಾ. ಆ ಮನೇಲಿ ನಾನು ಎಲ್ಲಿದೀನಿ ಅಂತ ಕೇಳೋದು ಇದೊಂದೇ.”